ಮನೆಯೊಳಗಿನ ಗಣಿ: ಗ್ರಾಫಿಕ್ಸ್ ಕಾರ್ಡಿನ ನಾಣ್ಯವೂ ಮನೆಮಂದಿಯ ಆರೋಗ್ಯವೂ

‘ಗಣಿ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕನ್ನಡಿಗನ ಕಣ್ಣ ಮುಂದೆ ನಿಲ್ಲುವುದು ಕೋಲಾರ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡು, ಮುಂದೆ ಭೂಗರ್ಭದಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಮುಚ್ಚುವಾಗ ಅಲ್ಲಿ ಚಿನ್ನ ಪೂರ್ತಿಯಾಗಿ ಬರಿದಾಗಿರಲಿಲ್ಲ. ಚಿನ್ನವನ್ನು ಮೇಲೆತ್ತಲು ತಗಲುವ ವೆಚ್ಚ ಚಿನ್ನದ ಬೆಲೆಯನ್ನೇ ಮೀರಿತ್ತು. ಗಣಿಯ ಆಯುಸ್ಸನ್ನು ನಿರ್ಧರಿಸುವುದು ಅದರಲ್ಲಿ ಉಳಿದಿರುವ ಲೋಹವಲ್ಲ, ಅದನ್ನು ತೆಗೆಯುವ ಖರ್ಚು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಹಾನಗರದ ಫ್ಲ್ಯಾಟುಗಳ ಒಳಗೇ ನಡೆಯುವ ಇನ್ನೊಂದು ಬಗೆಯ ‘ಗಣಿಗಾರಿಕೆ’ಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ.

ಈ ಗಣಿಗೆ ಗುದ್ದಲಿ ಬೇಡ, ಸುರಂಗ ಬೇಡ. ಗಣಕಯಂತ್ರವೊಂದು, ಅದಕ್ಕೆ ಜೋಡಿಸಿದ ಒಂದೋ ಆರೋ ಗ್ರಾಫಿಕ್ಸ್ ಕಾರ್ಡುಗಳು, ಹಗಲಿರುಳೂ ನಿಲ್ಲದ ವಿದ್ಯುತ್ತು, ಇಂಟರ್‌ನೆಟ್ ಸಂಪರ್ಕ, ಇಷ್ಟಿದ್ದರೆ ಸಾಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚೀ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳಿಂದ ಇಂಥ ಕಾರ್ಡುಗಳನ್ನು ಕೊಂಡು ತಂದು, ಓದುವ ಕೋಣೆಯ ಮೂಲೆಯಲ್ಲಿ ಜೋಡಿಸಿ, ಉದ್ಯೋಗದ ಜೊತೆಗೆ ಹವ್ಯಾಸವಾಗಿ ನಾಣ್ಯ ‘ತೆಗೆಯಲು’ ಹೊರಟ ತರುಣರು ಎಲ್ಲ ಮಹಾನಗರಗಳಲ್ಲಿಯೂ ಇದ್ದರು, ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಮನೆಯ ಹಿರಿಯರಿಗೆ ಕಾಣುವುದು ಎರಡೇ: ತಿಂಗಳ ಕೊನೆಗೆ ಬರುವ ಕರೆಂಟ್ ಬಿಲ್ಲು ಮತ್ತು ಆ ಕೋಣೆಯ ಸೆಖೆ. ಈ ಎರಡಕ್ಕೂ ಮೂಲ ಒಂದೇ.

ಕಿರ್ದಿ ಪುಸ್ತಕದ ಕಥೆ

2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಒಂದು ಲೇಖನ ಪ್ರಕಟವಾಯಿತು. ಆ ಹೆಸರಿನ ಹಿಂದಿರುವ ವ್ಯಕ್ತಿ ಯಾರೆಂಬುದು ಇಂದಿಗೂ ನಿಶ್ಚಿತವಾಗಿಲ್ಲ. ಬ್ಯಾಂಕಿನ ನೆರವಿಲ್ಲದೆ ಒಬ್ಬರಿಂದೊಬ್ಬರಿಗೆ ಹಣ ಸಲ್ಲುವಂತೆ ಮಾಡುವ ಉಪಾಯವನ್ನು ಆ ಲೇಖನ ವಿವರಿಸಿತ್ತು. ಅದೇ ಬಿಟ್‌ಕಾಯಿನ್. 2009ರ ಜನವರಿ 3ರಂದು ಅದು ಕಾರ್ಯರೂಪಕ್ಕೆ ಬಂದಿತು.

ಅಂಗಡಿಯಲ್ಲಿ ಕಿರ್ದಿ ಬರೆಯುವವನು ಒಬ್ಬ ಗುಮಾಸ್ತ. ಅವನನ್ನು ಯಜಮಾನ ನಂಬುತ್ತಾನೆ. ಬಿಟ್‌ಕಾಯಿನ್ನಿನ ಕಿರ್ದಿಗೆ ಯಜಮಾನನೂ ಇಲ್ಲ, ಗುಮಾಸ್ತನೂ ಇಲ್ಲ. ಅದರ ಪ್ರತಿಗಳು ಲೋಕದಾದ್ಯಂತ ಸಾವಿರಾರು ಗಣಕಯಂತ್ರಗಳಲ್ಲಿವೆ. ಹಾಗಾದರೆ ಮುಂದಿನ ಪುಟವನ್ನು ಬರೆಯುವ ಅಧಿಕಾರ ಯಾರಿಗೆ? ಅದಕ್ಕೊಂದು ಪಂದ್ಯ. ಹೊಸ ಪುಟದ ಲೆಕ್ಕಗಳ ಜೊತೆಗೆ ಯಾವುದಾದರೊಂದು ಸಂಖ್ಯೆಯನ್ನು ಸೇರಿಸಿ ಒಂದು ಗಣಿತವಿಧಾನದ ಮೂಲಕ ಹಾಯಿಸಬೇಕು. ಹೊರಬರುವ ದೀರ್ಘ ಸಂಖ್ಯೆಗೆ ‘ಹ್ಯಾಶ್’ ಎಂದು ಹೆಸರು. ಬೀಸುವ ಕಲ್ಲಿಗೆ ಹಾಕಿದ ರಾಗಿ ಹಿಟ್ಟಾಗಿ ಹೊರಬಂದ ಮೇಲೆ ಹಿಟ್ಟನ್ನು ನೋಡಿ ಕಾಳನ್ನು ಮರಳಿ ಪಡೆಯಲಾಗದು. ಹ್ಯಾಶ್ ಕೂಡ ಹಾಗೆಯೇ. ಅದು ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಬರಬೇಕೆಂಬುದು ನಿಯಮ. ಹಾಗೆ ಬರಿಸುವ ಜಾಣದಾರಿ ಯಾವುದೂ ಇಲ್ಲ. ಅಂಕಿಗಳ ಬೀಗದ ಗುಟ್ಟು ಮರೆತವನು 000ದಿಂದ 999ರವರೆಗೆ ತಿರುಗಿಸುತ್ತ ಹೋಗುವಂತೆ ಒಂದಾದ ಮೇಲೊಂದು ಸಂಖ್ಯೆಯನ್ನು ಪ್ರಯತ್ನಿಸುತ್ತಲೇ ಇರಬೇಕು. ಸರಿಯಾದುದು ಸಿಕ್ಕಿತೆಂದರೆ ಉಳಿದವರು ಕ್ಷಣಮಾತ್ರದಲ್ಲಿ ಅದನ್ನು ತಾಳೆ ನೋಡಬಲ್ಲರು. ಗೆದ್ದವನಿಗೆ ಹೊಸದಾಗಿ ಹುಟ್ಟಿದ ನಾಣ್ಯಗಳೇ ಬಹುಮಾನ. ಮೊದಲು ಪುಟವೊಂದಕ್ಕೆ 50 ಬಿಟ್‌ಕಾಯಿನ್ ಇದ್ದ ಈ ಬಹುಮಾನ 2012, 2016, 2020 ಮತ್ತು 2024ರಲ್ಲಿ ಅರ್ಧರ್ಧವಾಗುತ್ತ ಬಂದು 3.125ಕ್ಕೆ ಇಳಿಯಿತು.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಹವ್ಯಾಸಿಗಳಲ್ಲಿ ಅನೇಕರು ಇದನ್ನು ಕಡೆಗಣಿಸಿದರು. ಸರಾಸರಿ ಹತ್ತು ನಿಮಿಷಕ್ಕೊಂದು ಪುಟವೆಂಬುದು ಬಿಟ್‌ಕಾಯಿನ್ನಿನ ಕಟ್ಟಳೆ. ಯಂತ್ರಗಳು ಹೆಚ್ಚಿ ಪುಟಗಳು ಬೇಗ ಬೇಗ ತುಂಬತೊಡಗಿದರೆ, ಪ್ರತಿ 2016 ಪುಟಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಗಳಿಗೊಮ್ಮೆ, ಪಂದ್ಯವನ್ನು ಆ ವ್ಯವಸ್ಥೆ ತಾನಾಗಿಯೇ ಕಠಿಣಗೊಳಿಸುತ್ತದೆ. ಎಂದರೆ ಅಗೆಯುವವರು ನೂರು ಪಟ್ಟು ಹೆಚ್ಚಿದರೂ ಸಿಗುವ ನಾಣ್ಯ ಹೆಚ್ಚುವುದಿಲ್ಲ. ಹೆಚ್ಚುವುದು ಉರಿಯುವ ವಿದ್ಯುತ್ತು ಮಾತ್ರ.

ಚಿತ್ರ ಬರೆಯುವ ಕಾರ್ಡು ಗಣಿಗಿಳಿದ ಬಗೆ

ಗ್ರಾಫಿಕ್ಸ್ ಕಾರ್ಡು ಹುಟ್ಟಿದ್ದು ಈ ಕೆಲಸಕ್ಕಲ್ಲ. ಗಣಕದ ಪರದೆಯ ಮೇಲೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳಾದವು. ಆಟದ ಚಿತ್ರ ಸರಾಗವಾಗಿ ಚಲಿಸಬೇಕಾದರೆ ಅಷ್ಟೂ ಚುಕ್ಕೆಗಳ ಬಣ್ಣವನ್ನು ಸೆಕೆಂಡಿಗೆ 60 ಬಾರಿ ಲೆಕ್ಕಹಾಕಬೇಕು. ಗಣಕದ ಮುಖ್ಯ ಮಿದುಳು ಒಬ್ಬ ಘನ ಪಂಡಿತನಿದ್ದಂತೆ. ಎಂಥ ಜಟಿಲ ಸಮಸ್ಯೆಯನ್ನಾದರೂ ಬಿಡಿಸುತ್ತಾನೆ, ಆದರೆ ಒಂದಾದ ಮೇಲೊಂದು. ಗ್ರಾಫಿಕ್ಸ್ ಕಾರ್ಡು ಎಂದರೆ ಮಗ್ಗಿಯಷ್ಟನ್ನೇ ಬಲ್ಲ ಸಾವಿರಾರು ಶಾಲಾಬಾಲಕರು. ಎಲ್ಲರೂ ಒಟ್ಟಿಗೆ ಲೆಕ್ಕ ಮಾಡುತ್ತಾರೆ. ಬೀಗ ತಿರುಗಿಸುವ ಕೆಲಸಕ್ಕೆ ಪಂಡಿತನಿಗಿಂತ ಬಾಲಕರ ಪಡೆಯೇ ಲೇಸು.

ಇದನ್ನು ಮೊದಮೊದಲು ಮನಗಂಡವರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿದ್ದ ಲಾಸ್ಲೊ ಹಾನ್ಯೆಟ್ಸ್ ಎಂಬ ಪ್ರೋಗ್ರಾಮರ್ ಒಬ್ಬರು. 2010ರ ಮೇ ತಿಂಗಳಲ್ಲಿ ಅವರು ಗ್ರಾಫಿಕ್ಸ್ ಕಾರ್ಡಿನಿಂದ ಬಿಟ್‌ಕಾಯಿನ್ ತೆಗೆಯುವ ಪ್ರೋಗ್ರಾಮನ್ನು ಇತರರಿಗೂ ನೀಡಿದರು. ಅದೇ ತಿಂಗಳ 22ರಂದು ಎರಡು ಪಿಜ್ಜಾಗಳಿಗೆ 10,000 ಬಿಟ್‌ಕಾಯಿನ್ ಕೊಟ್ಟವರೂ ಅವರೇ. ಆ ನಾಣ್ಯಗಳ ಬೆಲೆ ಮುಂದೆ ಎಲ್ಲಿಗೆ ಏರಿತೆಂಬುದನ್ನು ಇಲ್ಲಿ ಲೆಕ್ಕ ಹಾಕಿ ಓದುಗರ ಊಟದ ರುಚಿ ಕೆಡಿಸುವ ಅಗತ್ಯವಿಲ್ಲ.

2013ರ ವೇಳೆಗೆ ಬಿಟ್‌ಕಾಯಿನ್ ತೆಗೆಯುವುದಕ್ಕೆಂದೇ ರೂಪಿಸಿದ ಬೇರೆ ಯಂತ್ರಗಳು ಬಂದವು. ಅವುಗಳ ಮುಂದೆ ಗ್ರಾಫಿಕ್ಸ್ ಕಾರ್ಡಿನ ಆಟ ನಡೆಯಲಿಲ್ಲ. ಹವ್ಯಾಸಿಗಳು ಲೈಟ್‌ಕಾಯಿನ್ನಿನಂಥ ಬೇರೆ ನಾಣ್ಯಗಳತ್ತ ತಿರುಗಿದರು. 2015ರ ಜುಲೈ 30ರಂದು ಈಥೀರಿಯಂ ಬಂದಾಗ ಅವರ ಸುಗ್ಗಿ ಆರಂಭವಾಯಿತು. ಈಥೀರಿಯಂನ ಪಂದ್ಯಕ್ಕೆ ವೇಗವೊಂದೇ ಸಾಲದು, ದೊಡ್ಡ ಸ್ಮೃತಿಕೋಶವೂ ಬೇಕು. ಅದು ಗ್ರಾಫಿಕ್ಸ್ ಕಾರ್ಡಿನಲ್ಲಿ ಮೊದಲೇ ಇತ್ತು. 2017ರಲ್ಲಿ ಒಮ್ಮೆ, 2020–21ರಲ್ಲಿ ಇನ್ನೊಮ್ಮೆ ಈ ಕಾರ್ಡುಗಳಿಗೆ ಬರ ಬಂದಿತು. ಅಂಗಡಿಯಲ್ಲಿ ಮುದ್ರಿತ ಬೆಲೆಗೆ ಕಾರ್ಡು ಸಿಗುವುದು ಅಪರೂಪವಾಯಿತು. ಆಟಕ್ಕಾಗಿ ಕಾರ್ಡು ಬಯಸುವವರಿಗೂ ಸಿಗಲಿ ಎಂದು ಎನ್ವಿಡಿಯಾ ಕಂಪೆನಿ 2021ರಲ್ಲಿ ತನ್ನ ಕೆಲವು ಹೊಸ ಕಾರ್ಡುಗಳ ಗಣಿಗಾರಿಕೆಯ ವೇಗಕ್ಕೆ ಕಡಿವಾಣ ಹಾಕಿತು.

ಒಂದೆರಡು ಕಾರ್ಡುಗಳಿರುವವನು ಒಬ್ಬನೇ ಪಂದ್ಯ ಗೆಲ್ಲುವುದಾದರೆ ವರ್ಷಗಟ್ಟಲೆ ಕಾಯಬೇಕಾದೀತು. ಆದ್ದರಿಂದ ಹವ್ಯಾಸಿಗಳು ‘ಪೂಲ್’ ಎಂಬ ಕೂಟಗಳಲ್ಲಿ ಸೇರಿ, ಯಾರು ಗೆದ್ದರೂ ಬಹುಮಾನವನ್ನು ದುಡಿಮೆಗೆ ತಕ್ಕಂತೆ ಹಂಚಿಕೊಳ್ಳುವ ಪದ್ಧತಿ ಬೆಳೆಯಿತು.

ಒಂಬತ್ತು ಮಂದಿ ಅತಿಥಿಗಳು

ಈಗ ಸೆಖೆಯ ವಿಚಾರ. ವಿದ್ಯುತ್ ಮೋಟಾರು ನೀರೆತ್ತುತ್ತದೆ, ಮಿಕ್ಸಿ ಅರೆಯುತ್ತದೆ. ಗ್ರಾಫಿಕ್ಸ್ ಕಾರ್ಡಿನಿಂದ ಹೊರಬರುವುದು ಒಂದಿಷ್ಟು ಸಂಖ್ಯೆಗಳು, ಸಂಖ್ಯೆಗೆ ತೂಕವಿಲ್ಲ. ಅದು ಕುಡಿದ ವಿದ್ಯುತ್ತು ಹೆಚ್ಚುಕಡಮೆ ಕೊನೆಯ ವ್ಯಾಟಿನವರೆಗೂ ಶಾಖವಾಗಿ ಕೋಣೆಗೇ ಬಂದು ಸೇರುತ್ತದೆ.

ಈ ಹವ್ಯಾಸಿಗಳಲ್ಲಿ ಬಳಕೆಯಲ್ಲಿದ್ದ ಆರ್‌ಟಿಎಕ್ಸ್ 3060 ಟಿಐ ಕಾರ್ಡನ್ನು ತೆಗೆದುಕೊಳ್ಳೋಣ. ತಯಾರಕರು ಹೇಳಿದಂತೆ ಅದರ ಮಿತಿ 200 ವ್ಯಾಟ್. ಅನುಭವಸ್ಥರು ವೋಲ್ಟೇಜನ್ನು ತಗ್ಗಿಸಿ ಸುಮಾರು 125 ವ್ಯಾಟಿಗೆ ಇಳಿಸುತ್ತಿದ್ದರು. ಅಂಥ ಆರು ಕಾರ್ಡುಗಳಿಗೆ 750 ವ್ಯಾಟ್. ಗಣಕದ ಉಳಿದ ಭಾಗ, ಫ್ಯಾನುಗಳು, ಪವರ್ ಸಪ್ಲೈಯಲ್ಲಾಗುವ ನಷ್ಟ ಸೇರಿ 900 ವ್ಯಾಟ್ ಎನ್ನೋಣ. ಸುಮ್ಮನೆ ಕುಳಿತ ಮನುಷ್ಯನೊಬ್ಬನ ದೇಹದಿಂದ ಹೊರಬೀಳುವ ಶಾಖ ಸುಮಾರು 100 ವ್ಯಾಟ್. ಹಾಗಾದರೆ ಆ ಕೋಣೆಯಲ್ಲಿ ಒಂಬತ್ತು ಮಂದಿ ಅತಿಥಿಗಳು ಬಂದು ಕುಳಿತಿದ್ದಾರೆ; ಊಟಕ್ಕೆ ಏಳುವುದಿಲ್ಲ, ಊರಿಗೆ ಹೊರಡುವುದಿಲ್ಲ, ರಾತ್ರಿಯೂ ಕುಳಿತೇ ಇರುತ್ತಾರೆ.

ಕೆನಡಾ, ನಾರ್ವೆಗಳಂಥ ಶೀತದೇಶಗಳಲ್ಲಿ ಈ ಅತಿಥಿಗಳಿಗೆ ಸ್ವಾಗತವುಂಟು. ಹೇಗೂ ಮನೆ ಕಾಯಿಸಬೇಕಾದಲ್ಲಿ ಆ ಶಾಖ ವ್ಯರ್ಥವಲ್ಲ. ದೆಹಲಿಯ ಜನವರಿಯಲ್ಲಿಯೂ ನಾಲ್ಕು ವಾರ ಒಪ್ಪಬಹುದೇನೋ. ಮುಂಬಯಿ, ಚೆನ್ನೈಗಳ ಮಾತು ಬೇರೆ. ಬೆವರು ಆರಿದಾಗ ಮೈ ತಂಪಾಗುತ್ತದೆ. ಕಡಲತೀರದ ತೇವಗಾಳಿಯಲ್ಲಿ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ನಿದ್ರೆ ಬರಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯಬೇಕು. ರಾತ್ರಿಯಿಡೀ ಕಾದಿರುವ ಕೋಣೆ ಅದಕ್ಕೆ ಅಡ್ಡಿ. ತರುಣರು ಇದನ್ನು ಹೇಗೋ ಸಹಿಸಿಯಾರು. ವೃದ್ಧರಲ್ಲಿ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕುಂದಿರುತ್ತವೆ. ಹಸುಳೆಗಳು ಸೆಖೆಯನ್ನು ಹೇಳಲಾರವು. ಹೃದ್ರೋಗ, ಮೂತ್ರಪಿಂಡದ ರೋಗ ಉಳ್ಳವರಿಗೂ, ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೂ ದೇಹದ ನೀರು-ಲವಣಗಳು ಬೇಗ ಏರುಪೇರಾಗುತ್ತವೆ. ತಲೆಸುತ್ತು, ಸ್ನಾಯುಗಳ ಸೆಳೆತ, ಕಾರಣವಿಲ್ಲದ ಆಯಾಸ ಕಂಡರೆ ಮೊದಲು ಯಂತ್ರ ಆರಿಸಿ, ಕಿಟಕಿ ತೆರೆದು, ಹಿರಿಯರನ್ನು ತಂಪಾದ ಸ್ಥಳಕ್ಕೆ ಕರೆತರಬೇಕು. ಮಾತು ತೊದಲಿ ಮಂಪರು ಕವಿದರೆ ಅದು ಉಷ್ಣಾಘಾತವಾಗಿರಬಹುದು; ಮೈಯನ್ನು ನೀರಿನಿಂದ ಒದ್ದೆ ಮಾಡಿ ಗಾಳಿ ಬೀಸುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು.

ಏರ್‌ಕಂಡೀಷನರ್ ಹಾಕಿದರಾಯಿತಲ್ಲ ಎನ್ನುವವರುಂಟು. ಆಗ 900 ವ್ಯಾಟ್ ಶಾಖವನ್ನು ಹೊರಗೆ ತಳ್ಳಲು ಇನ್ನೂ 250–300 ವ್ಯಾಟ್ ವಿದ್ಯುತ್ತು ಬೇಕು. ಬಾಲ್ಕನಿಯಲ್ಲಿಟ್ಟರೆ ಮಳೆಗಾಲದ ಎರಚಲು, ಉಪ್ಪುಗಾಳಿ, ಜೊತೆಗೆ ಪಾರಿವಾಳಗಳು. ಅವುಗಳ ಒಣ ಹಿಕ್ಕೆಯ ಧೂಳನ್ನು ಫ್ಯಾನುಗಳು ಮನೆಯೊಳಕ್ಕೆ ಊದಿದರೆ ಶ್ವಾಸಕೋಶಕ್ಕೆ ಕೇಡು.

ಶಬ್ದದ ಉಪದ್ರವವೂ ಕಡಿಮೆಯದಲ್ಲ. ಮಲಗುವ ಕೋಣೆಯೊಳಗೆ ಎಡೆಬಿಡದ ಶಬ್ದ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು. ಆರು ಕಾರ್ಡುಗಳ ಹತ್ತೆಂಟು ಫ್ಯಾನುಗಳು ಒಂದೇ ಸಮನೆ ಮೊರೆಯುವ ಕೋಣೆಯಲ್ಲಿ ಆ ಮಿತಿ ಉಳಿಯುವುದಿಲ್ಲ. ಇದರ ಮೇಲೆ ಈ ನಾಣ್ಯಗಳ ಪೇಟೆಗೆ ರಾತ್ರಿಯಿಲ್ಲ, ಭಾನುವಾರವಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಮೊಬೈಲಿನಲ್ಲಿ ದರ ನೋಡುವ, ಯಂತ್ರ ನಿಂತಿತೇ ಎಂದು ಪರೀಕ್ಷಿಸುವ ಅಭ್ಯಾಸ ಹತ್ತಿದವನಿಗೆ ಫ್ಯಾನು ನಿಂತರೂ ನಿದ್ರೆ ಬಾರದು. ಹವ್ಯಾಸ ಚಟವಾಗುವ ಗೆರೆಯನ್ನು ಮನೆಯವರು ಅವನಿಗಿಂತ ಮೊದಲೇ ಗುರುತಿಸುತ್ತಾರೆ.

ತಂತಿ ಕರಗುವ ಸ್ಥಳ

ಗೀಸರು 2000 ವ್ಯಾಟಿನದಾದರೂ ಅರ್ಧ ಗಂಟೆಯಲ್ಲಿ ಆರುತ್ತದೆ. 900 ವ್ಯಾಟಿನ ಗಣಿ ತಿಂಗಳುಗಟ್ಟಲೆ ಆರುವುದಿಲ್ಲ. ಸಡಿಲವಾದ ಪ್ಲಗ್ಗು, ಹಳೆಯ ಕಟ್ಟಡದ ಸವೆದ ತಂತಿ, ಅಗ್ಗದ ಎಕ್ಸ್‌ಟೆನ್‌ಷನ್ ಬೋರ್ಡು ಇವು ಅರ್ಧ ಗಂಟೆಯ ಹೊರೆಯನ್ನು ತಾಳಿಕೊಂಡಾವು, ಬಿಡುವಿಲ್ಲದ ಹೊರೆಯನ್ನಲ್ಲ. ಯಂತ್ರದ ಒಳಗೂ ಒಂದು ಅಪಾಯದ ತಾಣವಿದೆ. ಕಾರ್ಡುಗಳನ್ನು ದೂರ ದೂರ ಇಡಲು ‘ರೈಸರ್’ ಎಂಬ ಕೊಂಡಿಗಳನ್ನು ಬಳಸುತ್ತಾರೆ. ಕಾರ್ಡು ಆ ಕೊಂಡಿಯ ಮೂಲಕ 75 ವ್ಯಾಟಿನವರೆಗೆ ಸೆಳೆಯಬಲ್ಲದು. ಅದಕ್ಕೆ ವಿದ್ಯುತ್ತೊದಗಿಸಲು ಅನೇಕರು ಜೋಡಿಸುವ ‘ಸಾಟಾ’ ಎಂಬ ಚಪ್ಪಟೆ ಕೊಂಡಿಯ ಸಾಮರ್ಥ್ಯ 54 ವ್ಯಾಟ್ ಮಾತ್ರ. ಹೀಗೆ ಜೋಡಿಸಿದ ಕೊಂಡಿಗಳು ಕರಗಿ ಹೊತ್ತಿಕೊಂಡ ಪ್ರಸಂಗಗಳು ಹವ್ಯಾಸಿಗಳಲ್ಲಿ ಸರ್ವವಿದಿತ. ಯಂತ್ರ ಇಡಲೇಬೇಕೆಂಬ ಹಟವಿದ್ದರೆ ಅದಕ್ಕೆಂದೇ ಬೇರೆ ತಂತಿ ಎಳೆಸಿದ 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ತಿಂಗ್, ಎಂಸಿಬಿ, ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರಬೇಕು. ಮನೆಮಂದಿ ಮಲಗುವ ಕೋಣೆಯಲ್ಲಿ, ಪರದೆ-ಹಾಸಿಗೆಗಳ ಪಕ್ಕದಲ್ಲಿ ಇಡತಕ್ಕದ್ದಲ್ಲ. ಎಲ್ಲರೂ ಊರಿಗೆ ಹೋದಾಗ ಓಡುತ್ತ ಬಿಡತಕ್ಕದ್ದೂ ಅಲ್ಲ. ಬೆಂಕಿ ಕಂಡರೆ ಮೊದಲು ಮೇನ್ ಸ್ವಿಚ್ಚು, ಆಮೇಲೆ ಉಳಿದದ್ದು. ನೀರೆರಚಬಾರದು.

ಲೆಕ್ಕ ಕೂಡಿ ಬರುವುದೇ?

900 ವ್ಯಾಟ್ ದಿನಕ್ಕೆ 21.6 ಯೂನಿಟ್, 30 ದಿನಕ್ಕೆ 648 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೆ 6,480 ರೂ. ಬಳಕೆ ಹೆಚ್ಚಿದಂತೆ ದರವೂ ಏರುವ ಹಂತದ ಪದ್ಧತಿ ಇರುವಲ್ಲಿ ಮನೆಯ ಮಾಮೂಲು ಬಳಕೆಯ ಮೇಲೆ ಇದು ಬಂದು ಕೂರುವುದರಿಂದ, ಈ ಯೂನಿಟ್ಟುಗಳಿಗೆ ಬೀಳುವುದು ಮೇಲಿನ ಹಂತದ ದರ.

2021ರಲ್ಲಿ ಈಥೀರಿಯಂನ ಬೆಲೆ ಏರಿ ನವೆಂಬರಿನಲ್ಲಿ 4,800 ಡಾಲರುಗಳ ಸಮೀಪ ಮುಟ್ಟಿದಾಗ ಈ ಬಿಲ್ಲು ಯಾರ ಕಣ್ಣಿಗೂ ಬೀಳಲಿಲ್ಲ. ಮರುವರ್ಷ ಎರಡು ಸಂಗತಿಗಳು ನಡೆದವು. ಒಂದು, ಭಾರತ ಸರ್ಕಾರ 2022ರ ಏಪ್ರಿಲ್ 1ರಿಂದ ಇಂಥ ನಾಣ್ಯಗಳ ಲಾಭದ ಮೇಲೆ ಶೇಕಡ 30 ತೆರಿಗೆ ವಿಧಿಸಿತು. ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇಕಡ 1ನ್ನು ಮೂಲದಲ್ಲೇ ಮುರಿದುಕೊಳ್ಳುವ ನಿಯಮ ಬಂದಿತು. ಗಣಿಗಾರಿಕೆಯ ಸಾಧನಸಲಕರಣೆಗಳ ಖರ್ಚನ್ನು ನಾಣ್ಯದ ಅಸಲು ಬೆಲೆಯೆಂದು ಕಳೆಯಲು ಬರುವುದಿಲ್ಲವೆಂದು ಸರ್ಕಾರ ಲೋಕಸಭೆಯಲ್ಲಿ ಸ್ಪಷ್ಟಪಡಿಸಿತು. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲೂ ಅವಕಾಶವಿಲ್ಲ. ಬ್ಯಾಂಕುಗಳು ಈ ವ್ಯವಹಾರಕ್ಕೆ ನೆರವಾಗಕೂಡದೆಂಬ ರಿಜರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚಿನಲ್ಲಿ ರದ್ದುಗೊಳಿಸಿದ್ದರಿಂದ ಹವ್ಯಾಸಿಗಳಿಗೆ ಬಂದಿದ್ದ ಉತ್ಸಾಹ ಇದರಿಂದ ಬಹುಮಟ್ಟಿಗೆ ಇಳಿಯಿತು.

ಎರಡನೆಯದು ಇದಕ್ಕಿಂತ ದೊಡ್ಡದು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಪಂದ್ಯದ ಪದ್ಧತಿಯನ್ನೇ ಕೈಬಿಟ್ಟಿತು. ನಾಣ್ಯಗಳನ್ನು ಠೇವಣಿಯಾಗಿ ಇಟ್ಟವರಿಗೆ ಪುಟ ಬರೆಯುವ ಸರದಿ ಬರುವ ಹೊಸ ಏರ್ಪಾಡು ಜಾರಿಗೆ ಬಂದಿತು. ಅದರ ವಿದ್ಯುತ್ ಬಳಕೆ ಶೇಕಡ 99ಕ್ಕೂ ಮಿಕ್ಕು ಇಳಿಯಿತು. ಒಂದೇ ದಿನದಲ್ಲಿ ಲೋಕದ ಲಕ್ಷಾಂತರ ಕಾರ್ಡುಗಳು ನಿರುದ್ಯೋಗಿಗಳಾದವು. ಅವು ಈಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್‌ಗಳಂಥ ಸಣ್ಣ ನಾಣ್ಯಗಳ ಕಡೆ ನುಗ್ಗಿದಾಗ, ಮೊದಲೇ ಚಿಕ್ಕದಿದ್ದ ಬಹುಮಾನ ಅಷ್ಟು ಮಂದಿಯಲ್ಲಿ ಹರಿದುಹಂಚಿಹೋಗಿ, ಹೆಚ್ಚಿನ ಕಡೆಗಳಲ್ಲಿ ಕರೆಂಟಿನ ಖರ್ಚೂ ಹುಟ್ಟದಂತಾಯಿತು. ಕೋಲಾರದಲ್ಲಿ ಆದದ್ದೇ ಇಲ್ಲಿಯೂ ಆಯಿತು. ವ್ಯತ್ಯಾಸವೆಂದರೆ ಕೋಲಾರಕ್ಕೆ ಒಂದು ಶತಮಾನ ಹಿಡಿದಿತ್ತು.

ಹವ್ಯಾಸಿಯ ಗಣಿ ಮುಚ್ಚಿದರೂ ‘ಗಣಿಗಾರಿಕೆ’ ಎಂಬ ಮಾತಿನ ಆಕರ್ಷಣೆ ಮುಗಿದಿಲ್ಲ. ಹಣ ಕೊಟ್ಟರೆ ಬೇರೆಲ್ಲೋ ಯಂತ್ರ ನಡೆಸಿ ತಿಂಗಳು ತಿಂಗಳು ಲಾಭ ಕಳಿಸುತ್ತೇವೆ ಎನ್ನುವವರಿದ್ದಾರೆ. ‘ಗೇನ್‌ಬಿಟ್‌ಕಾಯಿನ್’ ಎಂಬ ಯೋಜನೆ ಹದಿನೆಂಟು ತಿಂಗಳ ಕಾಲ ತಿಂಗಳಿಗೆ ಶೇಕಡ 10ರ ಪ್ರತಿಫಲದ ಆಶ್ವಾಸನೆ ನೀಡಿತ್ತು. ಹಣ ಮರಳದೆ ದೂರುಗಳು ಬಂದು, 2018ರಲ್ಲಿ ಪುಣೆಯ ಪೊಲೀಸರು ಅದರ ಪ್ರವರ್ತಕರನ್ನು ಬಂಧಿಸಿದರು. ನಿವೃತ್ತಿಯ ಹಣವನ್ನು ಕೈಯಲ್ಲಿಟ್ಟುಕೊಂಡವರಿಗೆ ಇಂಥ ಕರೆಗಳು ಬರುವುದು ಹೆಚ್ಚು. ಮೇಲೆ ಹೇಳಿದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದವರಿಗೆ ತಿಂಗಳಿಗೆ ಶೇಕಡ 10 ಎಂಬುದು ಎಲ್ಲಿಂದಲೂ ಹುಟ್ಟದೆಂದು ತಾನೇ ತಿಳಿಯುತ್ತದೆ. ಇನ್ನು ಮನೆಯ ಗಣಕ ಯಾವ ಕೆಲಸವನ್ನೂ ಮಾಡದಿರುವಾಗ ಫ್ಯಾನು ಜೋರಾಗಿ ಓಡುತ್ತ ಕಾದಿದ್ದರೆ, ಅಪರಿಚಿತ ಪ್ರೋಗ್ರಾಮೊಂದು ಒಳಸೇರಿ ಬೇರೆಯವರಿಗಾಗಿ ಅಲ್ಲಿ ನಾಣ್ಯ ಅಗೆಯುತ್ತಿರುವ ಸಂಭವವೂ ಉಂಟು. ತಿಳಿದವರಿಂದ ಪರೀಕ್ಷೆ ಮಾಡಿಸುವುದು ಲೇಸು.

ಕೆಲಸ ನಿಲ್ಲಿಸಿದ ಕಾರ್ಡುಗಳು ಪೂರ್ತಿ ನಿರುಪಯೋಗಿಗಳಲ್ಲ. ಧೂಳು ತೆಗೆದು, ಒಣಗಿದ ಶಾಖವಾಹಕ ಲೇಪವನ್ನು ಹೊಸದಾಗಿ ಹಚ್ಚಿಸಿ, ಸವೆದ ಫ್ಯಾನು ಬದಲಿಸಿದರೆ ಮಕ್ಕಳ ಆಟಕ್ಕೋ ವಿಡಿಯೊ ಸಂಕಲನಕ್ಕೋ ಇನ್ನೂ ಕೆಲವು ವರ್ಷ ಬಳಕೆಯಾದಾವು. ಸೆಕೆಂಡ್‌ಹ್ಯಾಂಡ್ ಕಾರ್ಡು ಕೊಳ್ಳುವವರು ಅದು ಗಣಿಯಲ್ಲಿ ದುಡಿದದ್ದೇ ಎಂದು ವಿಚಾರಿಸಿ, ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ ಕೊಳ್ಳಬೇಕು. ಪೂರ್ತಿ ಕೆಟ್ಟದ್ದನ್ನು ರದ್ದಿಯವನ ತಕ್ಕಡಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸತಕ್ಕದ್ದು.